ಕೇಳಿದವರಿಗೆಲ್ಲ ಐಪಿ ಕೊಡಬೇಕಾ?

ನೆಟ್‌ವರ್ಕ್ ನೋಡಿಕೊಳ್ಳುವವರು ನಾಲ್ಕು ಜನ ಒಂದೆಡೆ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಗುರುತಿಲ್ಲದ ಮೊಬೈಲು, ಲ್ಯಾಪ್‌ಟಾಪುಗಳಿಗೆ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಸಾಧನದ ವಿಳಾಸವಾಗುವ ಸಂಖ್ಯೆ, ಸಿಗದ ಹಾಗೆ ಮಾಡೋದು ಹೇಗೆ? ನಮ್ಮ ಪಟ್ಟಿಯಲ್ಲಿ ಇರುವ ಸಾಧನಗಳಿಗೆ ಮಾತ್ರ ಸಿಗಬೇಕು, ಉಳಿದವು ಕೇಳಿ ಕೇಳಿ ಸುಮ್ಮನಾಗಬೇಕು. ಮಾಡಬಹುದು, ಐದು ನಿಮಿಷದ ಕೆಲಸ, ಹೇಗೆ ಅಂತ ಹೇಳಿಯೇ ಹೇಳುತ್ತೇನೆ. ಆದರೆ ಆ ಐದು ನಿಮಿಷದ ಕೆಲಸ ಮುಗಿಸಿ, ಇನ್ನು ನಮ್ಮ ನೆಟ್‌ವರ್ಕ್ ಭದ್ರ ಅಂತ ನಿಶ್ಚಿಂತೆಯಿಂದ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಉಳಿದ ಹೊತ್ತೆಲ್ಲ ಆ ನಿಶ್ಚಿಂತೆಯ ಬಗ್ಗೆ ಮಾತಾಡೋಣ.

ಮೊದಲು, ಒಂದು ಸಾಧನ ಐಪಿ ಕೇಳುವಾಗ ಏನೇನು ನಡೆಯುತ್ತದೆ ಅಂತ ಹತ್ತಿರದಿಂದ ನೋಡೋಣ. ಹೀಗೆ ಐಪಿ ಹಂಚುವ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ. ಕೇಬಲ್ ಚುಚ್ಚಿದಿರಿ, ಅಥವಾ ವೈಫೈ ಸೇರಿದಿರಿ. ಸಾಧನಕ್ಕೆ ಇನ್ನೂ ಅಡ್ರೆಸ್ ಇಲ್ಲ, ಸರ್ವರ್ ಎಲ್ಲಿದೆ ಅಂತಲೂ ಗೊತ್ತಿಲ್ಲ. ಹಾಗಾಗಿ ಅದು ಕಳಿಸುವವರ ಜಾಗದಲ್ಲಿ 0.0.0.0 ಬರೆದು, 255.255.255.255ಕ್ಕೆ, ಅಂದರೆ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ: ಯಾರಾದರೂ ಅಡ್ರೆಸ್ ಕೊಡುವವರು ಇದ್ದೀರಾ? ಇದು ಡಿಸ್ಕವರ್. ಸರ್ವರ್ ಯುಡಿಪಿ 67ನೇ ಪೋರ್ಟಿನಲ್ಲಿ ಕಿವಿಕೊಟ್ಟು ಕೂತಿರುತ್ತದೆ, ಅದು ಒಂದು ಅಡ್ರೆಸ್ಸನ್ನು ಮುಂದಿಡುತ್ತದೆ, ಅದು ಆಫರ್. ಸಾಧನ ‘ಸರಿ, ಅದನ್ನೇ ಕೊಡಿ’ ಅನ್ನುತ್ತದೆ, ಅದು ರಿಕ್ವೆಸ್ಟ್. ಸರ್ವರ್ ‘ಆಯ್ತು, ಇಷ್ಟು ಹೊತ್ತು ನಿನ್ನದು’ ಅನ್ನುತ್ತದೆ, ಅದು ಆ್ಯಕ್. ಆ ‘ಇಷ್ಟು ಹೊತ್ತು’ ಅನ್ನೋದೇ ಲೀಸ್.

ಈ ನಾಲ್ಕು ಮಾತಿನಲ್ಲಿ ಸಾಧನ ತಾನು ಯಾರು ಅಂತ ಏನು ಹೇಳಿಕೊಂಡಿತು? ತನ್ನ ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ, ಹೇಳಿತು. ಇಷ್ಟವಿದ್ದರೆ ಒಂದು ಕ್ಲೈಂಟ್ ಐಡಿ, ತನ್ನ ಹೆಸರು, ತಯಾರಕರ ಗುರುತು, ಇಂಥವನ್ನೂ ಸೇರಿಸಿರಬಹುದು. ಎಲ್ಲವೂ ಅದೇ ಹೇಳಿದ್ದು. ಸರ್ವರ್ ಯಾವುದನ್ನೂ ಪರೀಕ್ಷೆ ಮಾಡಿ ನೋಡಲಿಲ್ಲ. ಈ ಒಂದು ಸಂಗತಿ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದಿನದೆಲ್ಲ ಇದರಿಂದಲೇ ಬರುತ್ತದೆ.

ಇಲ್ಲಿ ಸ್ವಲ್ಪ ಹಳೇ ಕಥೆ ಹೇಳಬೇಕು. ಡಿಎಚ್‌ಸಿಪಿಗೂ ಮುಂಚೆ ಬೂಟ್‌ಪಿ ಅಂತ ಇತ್ತು, 1985ರದ್ದು. ಅದರಲ್ಲಿ ಪ್ರತಿ ಯಂತ್ರದ ಮ್ಯಾಕ್ ಅಡ್ರೆಸ್ ಮತ್ತು ಅದಕ್ಕೆ ಕೊಡಬೇಕಾದ ಐಪಿಯನ್ನು ಒಂದು ಪಟ್ಟಿಯಲ್ಲಿ ಕೈಯಾರೆ ಬರೆದಿಡಬೇಕಿತ್ತು. ಪಟ್ಟಿಯಲ್ಲಿ ಇಲ್ಲದಿದ್ದರೆ ಅಡ್ರೆಸ್ ಇಲ್ಲ. ಆ ಪಟ್ಟಿ ಬರೆದು ಬರೆದು ಸಾಕಾಗಿಯೇ 1993ರಲ್ಲಿ ಡಿಎಚ್‌ಸಿಪಿ ಬಂತು, ಈಗ ನಾವು ಬಳಸುವ ರೂಪ 1997ರ ಆರ್‌ಎಫ್‌ಸಿ 2131 ಅನ್ನುವ ಇಂಟರ್ನೆಟ್ ನಿಯಮದ ದಾಖಲೆಯದ್ದು. ಅಂದರೆ ನೋಡಿ, ಪಟ್ಟಿಯಿಂದ ತಪ್ಪಿಸಿಕೊಳ್ಳೋಕೆ ಅಂತ ಮಾಡಿದ ವ್ಯವಸ್ಥೆಗೆ ನಾವು ಮತ್ತೆ ಪಟ್ಟಿ ತಗುಲಿಸುತ್ತಾ ಇದ್ದೇವೆ! ತಪ್ಪು ಅಂತಲ್ಲ. ಆದರೆ ಅದೇ 1997ರ ದಾಖಲೆಯಲ್ಲಿ ಭದ್ರತೆಯ ಬಗ್ಗೆ ಒಂದು ಚಿಕ್ಕ ಭಾಗ ಇದೆ, ಅಲ್ಲಿ ಬರೆದವರೇ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದಾರೆ, ಈಗಿರುವ ರೂಪದಲ್ಲಿ ಇದು ಸಾಕಷ್ಟು ಅಸುರಕ್ಷಿತ ಅಂತ.

ಸರಿ, ಈಗ ಆ ಐದು ನಿಮಿಷದ ಕೆಲಸ. ಮನೆಯ ರೂಟರ್ ಆದರೆ ಅಡ್ರೆಸ್ ರಿಸರ್ವೇಶನ್ ಅನ್ನುವ ಪುಟ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮ್ಯಾಕ್ ಬರೆಯಿರಿ, ಐಪಿ ಬರೆಯಿರಿ, ಉಳಿಸಿ. ಪಟ್ಟಿಯಲ್ಲಿ ಇಲ್ಲದವರಿಗೆ ಕೊಡಬೇಡ ಅನ್ನುವ ಗುಂಡಿ ಅಲ್ಲಿ ಇರಲಿಕ್ಕಿಲ್ಲ. ಆಗ ಜನ ಮಾಡುವ ಉಪಾಯ ಏನೆಂದರೆ, ಪೂಲನ್ನೇ, ಅಂದರೆ ಹಂಚೋಕೆ ಇಟ್ಟ ಅಡ್ರೆಸ್ಸುಗಳ ಗುಂಪನ್ನೇ, ಕುಗ್ಗಿಸೋದು. ಹತ್ತು ಸಾಧನ ಇದ್ದರೆ ಹತ್ತೇ ಅಡ್ರೆಸ್ಸಿನ ಪೂಲ್ ಇಟ್ಟು ಹತ್ತನ್ನೂ ರಿಸರ್ವ್ ಮಾಡಿಬಿಡೋದು. ಹನ್ನೊಂದನೆಯವನು ಕೇಳಿದರೆ ಕೊಡೋಕೆ ಏನೂ ಉಳಿದಿರೋದಿಲ್ಲ. ಒರಟು ಉಪಾಯ, ಆದರೆ ಕೆಲಸ ಆಗುತ್ತದೆ.

ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ಸಾಫ್ಟ್‌ವೇರ್ ಹಾಕಿದ್ದರೆ ಒಳಗೆ ಅಡ್ರೆಸ್ ಹಂಚೋಕೆ ಡಿಎನ್‌ಎಸ್‌ಮಾಸ್ಕ್ ಇರುತ್ತದೆ. ಅದರಲ್ಲಿ ರೇಂಜ್ ಬರೆಯುವ ಸಾಲಿನಲ್ಲಿ ಕೊನೆಯ ಅಡ್ರೆಸ್ ಬರೆಯುವ ಕಡೆ ‘ಸ್ಟ್ಯಾಟಿಕ್’ ಅಂತ ಬರೆದರೆ ಆಯ್ತು, ಹೆಸರು ಬರೆದಿಟ್ಟ ಸಾಧನಗಳಿಗೆ ಮಾತ್ರ ಅಡ್ರೆಸ್. ಯಾವುದೋ ಒಂದನ್ನು ಮಾತ್ರ ಹೊರಗಿಡಬೇಕು ಅಂದರೆ ಅದರ ಮ್ಯಾಕ್ ಮುಂದೆ ‘ಇಗ್ನೋರ್’. ಮೈಕ್ರೋಟಿಕ್ ಕಂಪನಿಯ ರೂಟರ್‌ನಲ್ಲಿ ಪೂಲಿನ ಜಾಗದಲ್ಲಿ ‘ಸ್ಟ್ಯಾಟಿಕ್-ಓನ್ಲಿ’ ಆರಿಸಿದರೆ ಇದೇ ಫಲ. ಐಎಸ್‌ಸಿ ಸಂಸ್ಥೆಯ ಹಳೇ ಡಿಎಚ್‌ಸಿಪಿ ಸರ್ವರ್‌ನಲ್ಲಿ ಪೂಲ್ ಒಳಗೆ ‘ಡಿನೈ ಅನ್‌ನೋನ್-ಕ್ಲೈಂಟ್ಸ್’ ಅನ್ನುವ ಸಾಲು. ಅದಕ್ಕೆ 2022ರಿಂದ ಐಎಸ್‌ಸಿಯವರೇ ನಿರ್ವಹಣೆ ನಿಲ್ಲಿಸಿದ್ದಾರೆ, ಈಗ ಅವರದ್ದು ಕಿಯಾ. ಅದು ತಾನೇ ಸಾಧನಗಳನ್ನು ‘ನೋನ್’, ‘ಅನ್‌ನೋನ್’ ಅಂತ ಎರಡು ವರ್ಗ ಮಾಡಿ ಕೊಡುತ್ತದೆ, ಯಾವ ಪೂಲ್ ಯಾವ ವರ್ಗಕ್ಕೆ ಅಂತ ನೀವು ಬರೆದರೆ ಸಾಕು. ಹೊಸದಾಗಿ ಹಾಕುವವರು ಸೀದಾ ಕಿಯಾಗೆ ಹೋಗಿ.

ವಿಂಡೋಸ್ ಸರ್ವರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎಡವಟ್ಟು ಜಾಸ್ತಿ ಆಗೋದು ಅಲ್ಲೇ. 2008 ಆರ್2ರಿಂದ ಅದರಲ್ಲಿ ಫಿಲ್ಟರ್ ಅಂತ ಇದೆ, ಅಲೋ ಒಂದು ಪಟ್ಟಿ, ಡಿನೈ ಒಂದು ಪಟ್ಟಿ. ಅಲೋ ಪಟ್ಟಿಯನ್ನು ಆನ್ ಮಾಡಿದ ಕ್ಷಣದಿಂದ ಅದರಲ್ಲಿ ಇಲ್ಲದವರ ಮಾತನ್ನು ಸರ್ವರ್ ಕೇಳಿಸಿಕೊಳ್ಳೋದೇ ಇಲ್ಲ. ಪಟ್ಟಿ ಖಾಲಿ ಇದ್ದರೆ? ಯಾರಿಗೂ ಇಲ್ಲ.

ತಮಾಷೆ ಏನೆಂದರೆ ಆನ್ ಮಾಡಿದ ತಕ್ಷಣ ಏನೂ ಆಗೋದಿಲ್ಲ. ಅಲ್ಲಿ ಲೀಸ್ ಸುಮ್ನೆ ಬಿಟ್ಟರೆ 8 ದಿನ. ಸಾಧನವೊಂದು ಇವತ್ತು ಬೆಳಿಗ್ಗೆ ಲೀಸ್ ತಗೊಂಡಿದೆ ಅಂದುಕೊಳ್ಳಿ, ಮಧ್ಯಾಹ್ನ ನೀವು ಅಲೋ ಪಟ್ಟಿ ಆನ್ ಮಾಡಿದಿರಿ, ಅದರ ಮ್ಯಾಕ್ ಬರೆಯೋದು ಮರೆತುಹೋಯಿತು. ಸಾಧನ ಅರ್ಧ ಅವಧಿಗೆ, ಅಂದರೆ 4ನೇ ದಿನಕ್ಕೆ, ತನಗೆ ಅಡ್ರೆಸ್ ಕೊಟ್ಟ ಸರ್ವರನ್ನು ನವೀಕರಿಸು ಅಂತ ಕೇಳುತ್ತದೆ. ಉತ್ತರ ಇಲ್ಲ. ಪರವಾಗಿಲ್ಲ, ಲೀಸ್ ಇನ್ನೂ ಇದೆಯಲ್ಲ, ಕೆಲಸ ನಡೆಯುತ್ತದೆ. ಶೇಕಡ 87.5 ಅವಧಿಗೆ, ಲೆಕ್ಕ ಹಾಕಿದರೆ ಸರಿಯಾಗಿ 7ನೇ ದಿನಕ್ಕೆ, ಗಾಬರಿಯಾಗಿ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಆಗಲೂ ಉತ್ತರ ಇಲ್ಲ. 8ನೇ ದಿನ ಅಡ್ರೆಸ್ ಹೋಯಿತು, ನೆಟ್ ಹೋಯಿತು, ನಿಮಗೆ ಫೋನ್ ಬಂತು. ಒಂದು ವಾರದ ಹಿಂದೆ ಮಾಡಿದ ಬದಲಾವಣೆ ಯಾರಿಗೆ ನೆನಪಿರುತ್ತದೆ? ನೀವು ಕೇಬಲ್ ನೋಡುತ್ತೀರಿ, ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ನೋಡುತ್ತೀರಿ, ಡ್ರೈವರ್ ತೆಗೆದು ಹಾಕುತ್ತೀರಿ. ಅಷ್ಟರಲ್ಲಿ ಇನ್ನೊಂದು ಮೇಜಿನಿಂದ ಇನ್ನೊಂದು ಫೋನ್. ಎಲ್ಲರ ಲೀಸೂ ಒಂದೇ ಗಳಿಗೆಯಲ್ಲಿ ಶುರುವಾಗಿರೋದಿಲ್ಲ, ಹಾಗಾಗಿ ಒಬ್ಬೊಬ್ಬರೇ ಬಿದ್ದುಹೋಗುತ್ತಾರೆ, ಯಾವ ಗುಂಪಿಗೂ ಯಾವ ಕೋಣೆಗೂ ಸಂಬಂಧ ಇಲ್ಲದ ಹಾಗೆ ಕಾಣುತ್ತದೆ.

ಅದಕ್ಕೆ ಆನ್ ಮಾಡೋಕೆ ಮುಂಚೆ ಕನಿಷ್ಠ ಒಂದು ಪೂರ್ತಿ ಲೀಸ್ ಅವಧಿ ಲಾಗ್ ತೆಗೆದುಕೊಳ್ಳಿ. ಎರಡು ಅವಧಿ ಆದರೆ ಇನ್ನೂ ಒಳ್ಳೆಯದು. ರಜೆಯಲ್ಲಿ ಇರುವವರ ಲ್ಯಾಪ್‌ಟಾಪು, ತಿಂಗಳಿಗೊಮ್ಮೆ ಆನ್ ಆಗುವ ಪ್ರಿಂಟರ್, ಇವೆಲ್ಲ ಪಟ್ಟಿಯಲ್ಲಿ ಬರಬೇಕಲ್ಲ. ಇನ್ನೊಂದು, ಒಂದೇ ಲ್ಯಾಪ್‌ಟಾಪಿಗೆ ಕೇಬಲಿಗೊಂದು ಮ್ಯಾಕ್, ವೈಫೈಗೊಂದು ಮ್ಯಾಕ್ ಇರುತ್ತದೆ, ಡಾಕ್‌ಗೆ ಸಿಕ್ಕಿಸಿದರೆ ಮೂರನೆಯದು. ಇದನ್ನು ಮರೆಯುವವರೇ ಜಾಸ್ತಿ.

ಈಗ ಪಟ್ಟಿ ಆಯಿತು, ಆನ್ ಆಯಿತು. ಗುರುತಿಲ್ಲದ ಸಾಧನಕ್ಕೆ ಹೊರಗಿನಿಂದ ಹೇಗೆ ಕಾಣುತ್ತದೆ? ಡಿಸ್ಕವರ್ ಕಳಿಸುತ್ತದೆ, ಉತ್ತರ ಇಲ್ಲ. ನಿಯಮದ ಪ್ರಕಾರ ಸುಮಾರು 4 ಸೆಕೆಂಡ್ ಬಿಟ್ಟು ಮತ್ತೆ, ಆಮೇಲೆ 8, ಆಮೇಲೆ 16, ಹೀಗೆ 64ರ ತನಕ ಅಂತರ ಹಿಗ್ಗಿಸುತ್ತಾ ಕೂಗುತ್ತಲೇ ಇರುತ್ತದೆ. ಮೊಬೈಲಾದರೆ ವೈಫೈ ಸೇರಲು ತಿಣುಕಾಡಿ ಬಿಟ್ಟುಬಿಡುತ್ತದೆ. ವಿಂಡೋಸ್, ಮ್ಯಾಕ್ ಆದರೆ ತಾವೇ 169.254ರಿಂದ ಶುರುವಾಗುವ ಒಂದು ಅಡ್ರೆಸ್ ಹಾಕಿಕೊಳ್ಳುತ್ತವೆ. ಇದನ್ನು ಕಂಡು ‘ನೋಡಿ, ತಡೆದೆವು’ ಅಂತ ಖುಷಿಪಡುತ್ತಾರೆ. ಆದರೆ ಸಾಧನ ಇನ್ನೂ ಅದೇ ಸ್ವಿಚ್‌ನಲ್ಲಿ, ಅದೇ ವೈಫೈನಲ್ಲಿ ಇದೆ, ಬ್ರಾಡ್‌ಕಾಸ್ಟ್ ಎಲ್ಲ ಅದಕ್ಕೂ ಕೇಳಿಸುತ್ತಿದೆ. ನಾವು ಅದನ್ನು ಹೊರಗೆ ಹಾಕಿಲ್ಲ, ಅಡ್ರೆಸ್ ಕೊಟ್ಟಿಲ್ಲ ಅಷ್ಟೇ.

ಡಿಎಚ್‌ಸಿಪಿ ಸರ್ವರ್ ಟೋಕನ್ ಕೊಡುವವನು. ಬಾಗಿಲು ಕಾಯುವವನಲ್ಲ. ಟೋಕನ್ ಕೇಳದೆ ಒಳಗೆ ಹೋಗುವವನನ್ನು ಅವನು ನೋಡುವುದೂ ಇಲ್ಲ.

ಕೇಳದೆ ಹೋಗೋದು ಹೇಗೆ? ಪಕ್ಕದವನ ಲ್ಯಾಪ್‌ಟಾಪಿನಲ್ಲಿ ಒಂದು ಕಣ್ಣು ಹಾಯಿಸಿದರೆ ಸಾಕು. ಐಪಿ 192.168.1.35, ಮಾಸ್ಕ್ 255.255.255.0, ಗೇಟ್‌ವೇ 192.168.1.1. ತನ್ನದರಲ್ಲಿ ಸ್ವಯಂಚಾಲಿತ ಅನ್ನೋದನ್ನು ತೆಗೆದು 192.168.1.240 ಅಂತ ಕೈಯಾರೆ ಬರೆಯುತ್ತಾನೆ. ಮುಗಿಯಿತು, ನೆಟ್ ಬಂತು. ನಿಮ್ಮ ಸರ್ವರ್ ಲಾಗಿನಲ್ಲಿ ಒಂದು ಸಾಲೂ ಇರೋದಿಲ್ಲ, ಯಾಕೆಂದರೆ ಅವನು ಸರ್ವರನ್ನು ಏನೂ ಕೇಳಲೇ ಇಲ್ಲ. ಇದಕ್ಕೆ ಜಾಣತನ ಬೇಕಿಲ್ಲ, ಸೆಟ್ಟಿಂಗ್ಸ್ ತೆರೆಯೋಕೆ ಬಂದರೆ ಸಾಕು.

ಇದನ್ನು ತಡೆಯಬೇಕಾದರೆ ಕೆಲಸ ಸ್ವಿಚ್‌ಗೆ ಹೋಗುತ್ತದೆ. ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಅಂತ ಇರುತ್ತದೆ. ಸ್ವಿಚ್ ತನ್ನ ಮೂಲಕ ಹೋಗುವ ಆ ನಾಲ್ಕು ಮಾತನ್ನೂ ಕದ್ದು ಕೇಳಿ, ಯಾವ ಪೋರ್ಟಿನಲ್ಲಿ ಯಾವ ಮ್ಯಾಕ್, ಅದಕ್ಕೆ ಯಾವ ಐಪಿ ಸಿಕ್ಕಿತು, ಎಲ್ಲಿಯ ತನಕ, ಅಂತ ಒಂದು ಟೇಬಲ್ ಇಟ್ಟುಕೊಳ್ಳುತ್ತದೆ. ಅದರ ಮೇಲೆ ಐಪಿ ಸೋರ್ಸ್ ಗಾರ್ಡ್ ಹಾಕಿದರೆ ಟೇಬಲಿನಲ್ಲಿ ಇಲ್ಲದ ಐಪಿಯಿಂದ ಬಂದ ಪ್ಯಾಕೆಟ್ ಆ ಪೋರ್ಟಿನಲ್ಲೇ ಬಿದ್ದುಹೋಗುತ್ತದೆ. ಡೈನಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಹಾಕಿದರೆ ಸುಳ್ಳು ಎಆರ್‌ಪಿ, ಅಂದರೆ ‘ಆ ಐಪಿ ನನ್ನ ಮ್ಯಾಕ್‌ನದ್ದು’ ಅನ್ನುವ ಸುಳ್ಳು ಉತ್ತರ, ಕೂಡ ದಾಟೋದಿಲ್ಲ. ಈಗ ಮಾತ್ರ ‘ಸರ್ವರ್ ಕೊಟ್ಟ ಅಡ್ರೆಸ್ಸಿಗೆ ಮಾತ್ರ ದಾರಿ’ ಅನ್ನೋದು ನಿಜವಾಗುತ್ತದೆ. ಜೊತೆಗೆ ಎರಡು ತಲೆನೋವು ಬರುತ್ತವೆ, ಹೇಳಿಬಿಡುತ್ತೇನೆ. ಕೈಯಾರೆ ಐಪಿ ಹಾಕಿದ ಪ್ರಿಂಟರ್, ಕ್ಯಾಮೆರಾಗಳೆಲ್ಲ ಆ ಕ್ಷಣವೇ ನಿಂತುಹೋಗುತ್ತವೆ, ಅವನ್ನು ಟೇಬಲಿಗೆ ನೀವೇ ಸೇರಿಸಬೇಕು. ಇನ್ನು ಸ್ವಿಚ್ ರೀಬೂಟ್ ಆದಾಗ ಟೇಬಲ್ ಅಳಿಸಿಹೋಗಬಹುದು, ಆಗ ಲೀಸ್ ಇರುವ ಸಾಧನಗಳೂ ಒದ್ದಾಡುತ್ತವೆ. ಟೇಬಲನ್ನು ಫೈಲಿಗೆ ಉಳಿಸುವ ಸೌಲಭ್ಯ ಇದ್ದರೆ ಮೊದಲು ಅದನ್ನು ಹಾಕಿ, ಆಮೇಲೆ ಉಳಿದದ್ದು.

ಮೈಕ್ರೋಟಿಕ್‌ನವರಿಗೆ ಒಂದು ಅಗ್ಗದ ದಾರಿ ಇದೆ. ಡಿಎಚ್‌ಸಿಪಿ ಸರ್ವರ್‌ನಲ್ಲಿ ಲೀಸ್ ಕೊಟ್ಟಾಗ ಎಆರ್‌ಪಿ ಸೇರಿಸು ಅಂತ ಟಿಕ್ ಮಾಡಿ, ಇಂಟರ್‌ಫೇಸ್‌ನ ಎಆರ್‌ಪಿಯನ್ನು ‘ರಿಪ್ಲೈ-ಓನ್ಲಿ’ಗೆ ಇಡಿ. ಆಗ ರೂಟರ್ ತಾನು ಲೀಸ್ ಕೊಟ್ಟವರ ಜೊತೆ ಮಾತ್ರ ಮಾತಾಡುತ್ತದೆ, ಕೈಯಾರೆ 240 ಹಾಕಿಕೊಂಡವನಿಗೆ ಇಂಟರ್ನೆಟ್ ಸಿಗೋದಿಲ್ಲ. ಆದರೆ ಅದೇ ಸ್ವಿಚ್‌ನಲ್ಲಿ ಇರುವ ಪಕ್ಕದ ಕಂಪ್ಯೂಟರ್ ಜೊತೆ ಮಾತಾಡೋಕೆ ಅವನಿಗೆ ರೂಟರ್ ಬೇಕಿಲ್ಲ ಅಲ್ವಾ? ಅದು ನಡೆಯುತ್ತಲೇ ಇರುತ್ತದೆ.

ಎರಡನೆಯ ತೂತು ಮ್ಯಾಕ್ ಅಡ್ರೆಸ್ಸೇ. ಮೊದಲೆಲ್ಲ ಮ್ಯಾಕ್ ಬದಲಿಸೋಕೆ ಸ್ವಲ್ಪ ತಿಳಿದಿರಬೇಕಿತ್ತು. ಈಗ ಮೊಬೈಲ್ ತಾನೇ ಬದಲಿಸುತ್ತದೆ. ಆಂಡ್ರಾಯ್ಡ್ 10, ಅಂದರೆ 2019ರಿಂದ, ಪ್ರತಿ ವೈಫೈಗೂ ಬೇರೆ ಬೇರೆ ಮ್ಯಾಕ್ ತೋರಿಸೋದು ಮಾಮೂಲಿ ಸೆಟ್ಟಿಂಗ್ ಆಯಿತು. 2020ರಲ್ಲಿ ಐಒಎಸ್ 14 ಅದೇ ಹಾದಿ ಹಿಡಿಯಿತು. 2024ರ ಐಒಎಸ್ 18ರಲ್ಲಿ ಆಫ್, ಫಿಕ್ಸೆಡ್, ರೊಟೇಟಿಂಗ್ ಅಂತ ಮೂರು ಆಯ್ಕೆ ಇದೆ. ರೊಟೇಟಿಂಗ್ ಇಟ್ಟರೆ ಒಂದೇ ವೈಫೈನಲ್ಲೂ ಆಗಾಗ ಮ್ಯಾಕ್ ಬದಲಾಗುತ್ತದೆ. ಇದು ಕಳ್ಳತನಕ್ಕೆ ಅಂತ ಮಾಡಿದ್ದಲ್ಲ, ಹೋದಹೋದಲ್ಲೆಲ್ಲ ನಮ್ಮ ಮೊಬೈಲನ್ನು ಯಾರೂ ಹಿಂಬಾಲಿಸದಿರಲಿ ಅಂತ ಮಾಡಿದ್ದು, ನನ್ನ ಪ್ರಕಾರ ಒಳ್ಳೆಯ ಕೆಲಸವೇ. ಆದರೆ ನಿಮ್ಮ ಡಿನೈ ಪಟ್ಟಿಯ ಕಥೆ ಅಲ್ಲಿಗೆ ಮುಗಿಯಿತು. ಒಂದು ಮ್ಯಾಕ್ ತಡೆದರೆ ಆ ಮೊಬೈಲ್ ವೈಫೈಯನ್ನು ಮರೆತು ಬೇರೆ ಮ್ಯಾಕ್ ಹಾಕಿಕೊಂಡು ಮತ್ತೆ ಬರಬಹುದು. ಡಿನೈ ಪಟ್ಟಿಗೆ ದಿನಾ ಸಾಲು ಸೇರಿಸುತ್ತಾ ಕೂರಬೇಡಿ.

ಅಂಥ ಮ್ಯಾಕನ್ನು ಲಾಗಿನಲ್ಲಿ ಗುರುತಿಸೋದು ಸುಲಭ. ಎರಡನೆಯ ಅಂಕಿ ನೋಡಿ. ಅದು 2, 6, ಎ, ಇ ಈ ನಾಲ್ಕರಲ್ಲಿ ಒಂದಾಗಿದ್ದರೆ ಆ ಮ್ಯಾಕ್ ಕಾರ್ಖಾನೆಯಲ್ಲಿ ಹಾಕಿದ್ದಲ್ಲ, ಸಾಧನವೇ ಕಟ್ಟಿಕೊಂಡದ್ದು. 3ಎ ಅಂತ ಶುರುವಾದರೆ ಕಟ್ಟಿಕೊಂಡದ್ದು, 3ಸಿ ಆದರೆ ತಯಾರಕರದ್ದು. ಹಾಗಂತ ಈ ನಾಲ್ಕನ್ನೂ ಒಟ್ಟಿಗೆ ತಡೆಯಲು ಹೋಗಬೇಡಿ. ಕೆವಿಎಂ ಅನ್ನುವ ಸಾಫ್ಟ್‌ವೇರ್‌ನ ವರ್ಚುವಲ್ ಯಂತ್ರಗಳ ಮ್ಯಾಕ್ ಸಾಮಾನ್ಯವಾಗಿ 52:54:00 ಅಂತ ಶುರುವಾಗುತ್ತದೆ, ಎರಡನೆಯ ಅಂಕಿ 2. ನಿಮ್ಮ ಸ್ವಂತ ಸರ್ವರ್‌ಗಳನ್ನೇ ಹೊರಗೆ ಹಾಕಿಕೊಂಡ ಹಾಗಾಗುತ್ತದೆ.

ಇನ್ನು, ಅಲೋ ಪಟ್ಟಿ ಇದ್ದರೂ ಮ್ಯಾಕ್ ಅನ್ನೋದು ಗುಟ್ಟಿನ ವಿಷಯ ಅಲ್ಲ. ವೈಫೈಗೆ ಪಾಸ್‌ವರ್ಡ್ ಇದ್ದರೂ ಗಾಳಿಯಲ್ಲಿ ಹೋಗುವ ಫ್ರೇಮಿನಲ್ಲಿ ಮ್ಯಾಕ್ ಬಹಿರಂಗವಾಗಿಯೇ ಇರುತ್ತದೆ. ಒಳಗಿರುವ ಸಾಧನದ್ದನ್ನು ನಕಲು ಮಾಡಿದರೆ ಸರ್ವರ್‌ಗೆ ವ್ಯತ್ಯಾಸವೇ ತಿಳಿಯೋದಿಲ್ಲ.

ಮೂರನೆಯ ತೂತು ಐಪಿವಿ6, ಅಂದರೆ ಐಪಿಯ ಹೊಸ ಆವೃತ್ತಿ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ನೀವು ಇಷ್ಟೆಲ್ಲ ಮಾಡಿದ್ದು ಐಪಿವಿ4ಗೆ. ರೂಟರ್ ಐಪಿವಿ6 ಜಾಹೀರು ಮಾಡುತ್ತಿದ್ದರೆ ಸಾಧನ ಯಾರನ್ನೂ ಕೇಳದೆ, ಆ ಜಾಹೀರಿನಲ್ಲಿ ಇರುವ ಪ್ರಿಫಿಕ್ಸ್ (ಅಡ್ರೆಸ್ಸಿನ ಮೊದಲ ಭಾಗ) ತಗೊಂಡು ಉಳಿದದ್ದನ್ನು ತಾನೇ ಕಟ್ಟಿಕೊಂಡು ಅಡ್ರೆಸ್ ಮಾಡಿಕೊಳ್ಳುತ್ತದೆ. ಕೊಡುವವರೇ ಇಲ್ಲದ ಮೇಲೆ ತಡೆಯೋದೆಲ್ಲಿ? ಸರಿ, ಅಲ್ಲೂ ಡಿಎಚ್‌ಸಿಪಿ ಮಾತ್ರ ಇಡೋಣ ಅಂದರೆ, ಆಂಡ್ರಾಯ್ಡ್ ವರ್ಷಗಟ್ಟಲೆ ಅದರಿಂದ ಅಡ್ರೆಸ್ ತೆಗೆದುಕೊಳ್ಳಲು ಒಪ್ಪಲೇ ಇಲ್ಲ. ವಿಂಡೋಸ್ ಸರ್ವರ್‌ನ ಆ ಫಿಲ್ಟರ್ ಕೂಡ ಐಪಿವಿ4ಗೆ ಮಾತ್ರ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ಇದೆಲ್ಲ ದಂಡ’ ಅನ್ನಿಸಬಹುದು. ಇಲ್ಲ. ಯಾರಿಗೆ ಅಡ್ರೆಸ್ ಅನ್ನೋದನ್ನು ನಾವು ಹಿಡಿತದಲ್ಲಿ ಇಡಬೇಕು, ಆದರೆ ವಿಂಗಡಿಸೋಕೆ, ತಡೆಯೋಕಲ್ಲ. ತಿಳಿದ ಸಾಧನಕ್ಕೆ ಯಾವಾಗಲೂ ಒಂದೇ ಅಡ್ರೆಸ್, ಆಗ ಲಾಗ್ ಓದೋದು ಸುಲಭ, ಫೈರ್‌ವಾಲ್ ನಿಯಮ ಬರೆಯೋದು ಸುಲಭ. ಐಪಿ ಫೋನ್‌ಗಳು ತಮ್ಮ ತಯಾರಕರ ಗುರುತನ್ನು ಡಿಎಚ್‌ಸಿಪಿ ಮಾತಿನ 60ನೇ ಆಪ್ಷನ್‌ನಲ್ಲಿ (ಹೆಚ್ಚುವರಿ ಮಾಹಿತಿಯ ಒಂದು ಖಾನೆ) ಕಳಿಸಿದರೆ ಅವಕ್ಕೆ ಬೇರೆ ಪೂಲ್. ಸ್ವಿಚ್ 82ನೇ ಆಪ್ಷನ್ ಸೇರಿಸಿದರೆ, ಕೇಳುತ್ತಿರುವವನು ಯಾವ ಸ್ವಿಚ್‌ನ ಯಾವ ಪೋರ್ಟಿನಲ್ಲಿ ಇದ್ದಾನೆ ಅನ್ನೋದೂ ಸರ್ವರ್‌ಗೆ ಗೊತ್ತಾಗುತ್ತದೆ. ಇದು ನನಗೆ ತುಂಬಾ ಇಷ್ಟ, ಯಾಕೆಂದರೆ ಇಡೀ ವ್ಯವಹಾರದಲ್ಲಿ ಸಾಧನ ತಾನೇ ಹೇಳಿಕೊಳ್ಳದ ಮಾಹಿತಿ ಇದೊಂದೇ. ಹೇಳುವುದು ಸ್ವಿಚ್, ಅದು ನಿಮ್ಮದು. ಇನ್ನು ಗುರುತಿಲ್ಲದವರನ್ನು ನಿಜವಾಗಿ ಬೇರೆ ಇಡಬೇಕಾದರೆ ಬೇರೆ ವಿಎಲ್‌ಎಎನ್, ಅಂದರೆ ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಇನ್ನೊಂದು ನೆಟ್‌ವರ್ಕ್, ಬೇಕು. ಒಂದೇ ಸಬ್‌ನೆಟ್‌ನಲ್ಲಿ, ಅಂದರೆ ಒಂದೇ ಅಡ್ರೆಸ್ ಸಾಲಿನಲ್ಲಿ, 100ರಿಂದ 149 ನಮ್ಮವರಿಗೆ, 150ರಿಂದ 199 ಹೊರಗಿನವರಿಗೆ ಅಂತ ಹಂಚಿದರೆ ಅವರ ನಡುವೆ ಯಾವ ಗೋಡೆಯೂ ಏಳೋದಿಲ್ಲ. ಬಾಗಿಲಲ್ಲೇ ತಡೆಯಬೇಕು ಅಂದರೆ 802.1ಎಕ್ಸ್. ಅಲ್ಲಿ ಹೆಸರು, ಪಾಸ್‌ವರ್ಡ್ ಅಥವಾ ಸರ್ಟಿಫಿಕೇಟ್ ತೋರಿಸುವ ತನಕ ಪೋರ್ಟೇ ತೆರೆಯೋದಿಲ್ಲ, ಡಿಸ್ಕವರ್ ಕಳಿಸುವ ಪ್ರಶ್ನೆಯೇ ಬರೋದಿಲ್ಲ.

ಇನ್ನೊಂದು ವಿಷಯ. ‘ಹೊರಗಿನವರನ್ನು ತಡೆಯಬೇಕು’ ಅಂತ ಬರುವವರಲ್ಲಿ ಎಷ್ಟೋ ಜನರ ನಿಜವಾದ ತೊಂದರೆ ಅಡ್ರೆಸ್ ಸಾಲುತ್ತಿಲ್ಲ ಅನ್ನೋದು. ನೂರು ಅಡ್ರೆಸ್ಸಿನ ಪೂಲ್, 24 ಗಂಟೆಯ ಲೀಸ್. ಹತ್ತು ನಿಮಿಷಕ್ಕೆ ಬಂದುಹೋದ ಮೊಬೈಲ್ ಕೂಡ ಒಂದು ದಿನ ಪೂರ್ತಿ ಒಂದು ಅಡ್ರೆಸ್ ಹಿಡಿದಿಟ್ಟಿರುತ್ತದೆ. ಮ್ಯಾಕ್ ಬದಲಿಸಿಕೊಂಡು ಮತ್ತೆ ಬಂದರೆ ಇನ್ನೊಂದು. ಸಂಜೆ ಹೊತ್ತಿಗೆ ಪೂಲ್ ಖಾಲಿ. ಇಲ್ಲಿ ಮಾಡಬೇಕಾದ್ದು ಪಟ್ಟಿಯಲ್ಲ, ಅತಿಥಿಗಳ ಲೀಸನ್ನು ಒಂದು ಗಂಟೆಗೆ ಇಳಿಸೋದು. ಅದೂ ಸಾಲದಿದ್ದರೆ ಸಬ್‌ನೆಟ್ ದೊಡ್ಡದು ಮಾಡಿ, 254ರ ಜಾಗದಲ್ಲಿ 510 ಸಿಗುತ್ತದೆ.

ಯಾರಿಗೆ ಕೊಡಬೇಕು ಅನ್ನುವಷ್ಟೇ, ಯಾರು ಕೊಡುತ್ತಿದ್ದಾರೆ ಅನ್ನೋದನ್ನೂ ನೋಡಿ. ಯಾರೋ ಒಬ್ಬರು ಒಂದು ಚಿಕ್ಕ ರೂಟರ್ ತಂದು, ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚುತ್ತಾರೆ. ಈಗ ನೆಟ್‌ವರ್ಕ್‌ನಲ್ಲಿ ಇಬ್ಬರು ಕೊಡುವವರು. ಬಹಳಷ್ಟು ಸಾಧನಗಳು ಮೊದಲು ಬಂದ ಆಫರನ್ನೇ ಹಿಡಿಯುತ್ತವೆ. ಐಎಸ್‌ಸಿ ಸರ್ವರ್ ಆಫರ್ ಕೊಡೋಕೆ ಮುಂಚೆ ಆ ಅಡ್ರೆಸ್ ಬೇರೆ ಯಾರಾದರೂ ಬಳಸುತ್ತಿದ್ದಾರಾ ಅಂತ ಪಿಂಗ್ ಮಾಡಿ ಒಂದು ಸೆಕೆಂಡ್ ಕಾಯುತ್ತದೆ, ಒಳ್ಳೆಯ ಅಭ್ಯಾಸ. ಚಿಕ್ಕ ರೂಟರ್‌ಗೆ ಅಂಥ ಸಂಕೋಚ ಇಲ್ಲದಿದ್ದರೆ ಥಟ್ಟಂತ ಕೊಟ್ಟುಬಿಡುತ್ತದೆ, ಆಟ ಗೆಲ್ಲೋದು ಅದೇ. ನಿಮ್ಮ ಎಚ್ಚರದಿಂದ ಬರೆದ ಅಲೋ ಪಟ್ಟಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ, ಕೇಳಿದವರಿಗೆಲ್ಲ ಹಂಚುತ್ತದೆ. ಸ್ನೂಪಿಂಗ್ ಹಾಕಿ, ನಿಜವಾದ ಸರ್ವರ್ ಇರುವ ಪೋರ್ಟನ್ನು ಮಾತ್ರ ಟ್ರಸ್ಟೆಡ್ ಅಂತ ಗುರುತಿಸಿದರೆ ಬೇರೆ ಪೋರ್ಟಿನಿಂದ ಬಂದ ಆಫರ್‌ಗಳು ಅಲ್ಲೇ ಸಾಯುತ್ತವೆ. ಇದೊಂದನ್ನಾದರೂ ಮಾಡಿ, ಪಟ್ಟಿಗಿಂತ ಮುಂಚೆ.

ಕೊನೆಯಲ್ಲಿ ಬಂದ ಪ್ರಶ್ನೆ: ಈಗಾಗಲೇ ಅಡ್ರೆಸ್ ತಗೊಂಡು ಕೂತವನನ್ನು ಎಬ್ಬಿಸೋದು ಹೇಗೆ, ಸರ್ವರ್‌ನಲ್ಲಿ ಲೀಸ್ ಅಳಿಸಿದರೆ ಸಾಕಾ? ಸಾಲದು. ಅಳಿಸಿದ್ದು ನಿಮ್ಮ ಪುಸ್ತಕದಲ್ಲಿ, ಅವನ ಸಾಧನಕ್ಕೆ ಅದು ತಿಳಿಯೋದಿಲ್ಲ. ಜೊತೆಗೆ ಸರ್ವರ್ ಆ ಅಡ್ರೆಸ್ ಖಾಲಿ ಇದೆ ಅಂದುಕೊಂಡು ಇನ್ನೊಬ್ಬರಿಗೆ ಕೊಟ್ಟರೆ ಡಿಕ್ಕಿ. ಸರ್ವರ್ ಕಡೆಯಿಂದಲೇ ‘ಬಂದು ನವೀಕರಿಸಿಕೋ’ ಅಂತ ಕರೆಯುವ ಫೋರ್ಸ್‌ರಿನ್ಯೂ ಅನ್ನೋದು 2001ರ ಆರ್‌ಎಫ್‌ಸಿ 3203ರಲ್ಲಿ ಬಂತು, ಆದರೆ ನಮ್ಮ ಮಾಮೂಲಿ ಸಾಧನಗಳ ಜೊತೆ ಅದನ್ನು ನಂಬಿಕೊಳ್ಳೋ ಹಾಗಿಲ್ಲ. ಮೊದಲು ಪಟ್ಟಿಯಲ್ಲಿ ತಡೆಯಿರಿ, ಆಮೇಲೆ ವೈಫೈ ಆದರೆ ಆ್ಯಕ್ಸೆಸ್ ಪಾಯಿಂಟ್‌ನಿಂದ ಅವನ ಸಂಪರ್ಕ ಕಡಿಯಿರಿ, ಕೇಬಲ್ ಆದರೆ ಸ್ವಿಚ್‌ನಲ್ಲಿ ಆ ಪೋರ್ಟ್ ಶಟ್ ಮಾಡಿ. ಮತ್ತೆ ಸೇರಿದಾಗ ಕೆಲವು ಸಾಧನ ಹಳೇ ಅಡ್ರೆಸ್ಸನ್ನೇ ಹಿಡಿದು ಮುಂದುವರಿಯಬಹುದು, ಲೀಸ್ ಇನ್ನೂ ಇದ್ದರೆ ಹಾಗೆ ಮಾಡೋಕೆ ನಿಯಮದಲ್ಲೇ ಅವಕಾಶ ಇದೆ. ಹಾಗಾಗಿ ಲೀಸ್ ಮುಗಿಯೋ ತನಕ ಆ ಪೋರ್ಟ್ ಮುಚ್ಚಿಯೇ ಇಡಿ.